ನೀರಿಗೆ ಅಡ್ಡ ಬಾರದ ಬಣ್ಣ

ಕೂಡುಕುಟುಂಬದ ಮುಸ್ಲಿಂ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಉಗುರಿಗೆ ಬಣ್ಣ ಹಚ್ಚಿಕೊಂಡಳೆಂದರೆ ಗೋಡೆಗೆ ನೋಟಿಸು ಅಂಟಿಸಿದ ಹಾಗೆ. ಈ ವಾರ ಅವಳಿಗೆ ನಮಾಝ್ ಇಲ್ಲವೆಂಬುದು ಅತ್ತೆಗೆ ತಿಳಿಯಿತು, ನಾದಿನಿಗೆ ತಿಳಿಯಿತು, ಮೀನಿನ ಚೀಲ ಒಳಗಿಟ್ಟು ಹೋಗಲು ಬಂದ ಭಾವನಿಗೂ ತಿಳಿಯಿತು. ಮುಟ್ಟಿನ ದಿನಗಳಲ್ಲಿ ನಮಾಝಿಗೆ ವಿನಾಯಿತಿ ಉಂಟು. ನೇಲ್ ಪಾಲಿಷನ್ನು ಧೈರ್ಯವಾಗಿ ಹಚ್ಚಲು ಸಿಗುವ ಬಿಡುವೂ ಅಷ್ಟೇ. ಆ ದಿನಗಳು ಮುಗಿದ ಮೇಲೆ ರಿಮೂವರಿನ ಘಾಟು ಮನೆಯಲ್ಲೆಲ್ಲ ಹಬ್ಬಿ, ಎರಡನೆಯ ನೋಟಿಸೂ ಹೊರಬೀಳುತ್ತದೆ.

ನೇತ್ರಾವತಿಯ ದಕ್ಷಿಣ ದಂಡೆಯ ಕಡೆಯ ಬ್ಯಾರಿ ಮನೆಯೊಂದರಲ್ಲಿ ಬೆಳೆದ ಆಕೆಗೆ (ಈ ಸಾಲುಗಳನ್ನು ಬರೆಯುತ್ತಿರುವ ಕೈಯೂ ಅವಳದೇ ಎಂದು ಓದುಗರು ಊಹಿಸಿದರೆ ತಪ್ಪೇನಿಲ್ಲ) ಈ ಪಜೀತಿ ಚೆನ್ನಾಗಿ ಗೊತ್ತು. ಗುಲಾಬಿ ಬಣ್ಣದ ಶೀಶೆಯೊಂದು ಅವಳ ಕಪಾಟಿನಲ್ಲಿ ಗಟ್ಟಿಯಾಗಿ ಕೂತೇ ಹೋಯಿತು. ಮದರಂಗಿಗೆ ಮಾತ್ರ ಆ ಮನೆಯಲ್ಲಿ ಯಾವ ಕಾಲದಲ್ಲೂ ತಕರಾರು ಇರಲಿಲ್ಲ.

ಕಾರಣ ಸರಳ. ದಿನಕ್ಕೆ ಐದು ಹೊತ್ತಿನ ನಮಾಝಿಗೆ ಮುಂಚೆ ವುಝೂ ಮಾಡಬೇಕು: ಮುಖ, ಮೊಣಕೈವರೆಗೆ ಕೈ, ಹರಡುವರೆಗೆ ಕಾಲು ತೊಳೆಯಬೇಕು, ತಲೆಗೆ ಒದ್ದೆ ಕೈ ಸವರಬೇಕು. ತೊಳೆಯುವ ಕಡೆಯಲ್ಲೆಲ್ಲ ನೀರು ಚರ್ಮಕ್ಕೆ ತಾಗಲೇಬೇಕು, ನಡುವೆ ಪದರ ಇರಕೂಡದು. ಉಗುರು ಬಣ್ಣ, ಗೋಡೆಗೆ ಬಳಿಯುವ ಪೇಂಟು, ಮೇಣ, ಅಂಟು ಎಲ್ಲಕ್ಕೂ ಕಾನೂನು ಒಂದೇ. ಅಕ್ಕಿ ರೊಟ್ಟಿ ತಟ್ಟಿ ಎದ್ದ ಹೆಂಗಸರು ನಲ್ಲಿಯ ಮುಂದೆ ನಿಂತು ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟನ್ನು ಕಡ್ಡಿಯಿಂದ ಕೆರೆದು ತೆಗೆಯುವುದು ಇದೇ ಕಾರಣಕ್ಕೆ. ಮುಸ್ಲಿಂ ಮನೆಯ ಸೌಂದರ್ಯ ಸಾಧನಗಳಿಗೆ ಮೊದಲ ಪರೀಕ್ಷಕ ನೀರು. ಹಂದಿ ಕೊಬ್ಬು ಇದೆಯೇ, ಮದ್ಯಸಾರ ಇದೆಯೇ ಎಂಬ ವಿಚಾರಣೆಯೆಲ್ಲ ಆಮೇಲಿನದು. ಮದರಂಗಿಯ ಲೇಪವೂ ಕೈ ಮೇಲಿರುವಷ್ಟು ಹೊತ್ತು ಪದರವೇ. ಆದರೆ ಉದುರಿಸಿ ತೊಳೆದ ಮೇಲೆ ಉಳಿಯುವುದು ಚರ್ಮದೊಳಗಿನ ಬಣ್ಣ, ಅದು ನೀರಿಗೆ ಅಡ್ಡ ನಿಲ್ಲುವುದಿಲ್ಲ.

ಆ ಬಣ್ಣ ಒಳಗಿಳಿಯುವ ಬಗೆಯೂ ನೋಡುವಂಥದ್ದು. ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಚರ್ಮ, ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಪ್ರೋಟೀನಿನ ಜೊತೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಒಣಗಿದ ಎಲೆಯಲ್ಲಿ ಅದರ ಪಾಲು ನೂರಕ್ಕೆ ಒಂದರ ಆಸುಪಾಸು ಮಾತ್ರ. ಅಂಗೈ ಮತ್ತು ಅಂಗಾಲಿನ ಚರ್ಮದ ಹೊರಪದರ ದಪ್ಪ, ಅಲ್ಲಿ ಕೆರಾಟಿನ್ ಹೆಚ್ಚು, ಹಾಗಾಗಿ ಅಲ್ಲಿ ಬಣ್ಣ ಗಾಢ. ಮುಂಗೈಯಲ್ಲಿ ಅದೇ ಲೇಪ ಅರೆಮನಸ್ಸಿನಿಂದ ಹತ್ತುತ್ತದೆ. ತೊಳೆದ ಕೂಡಲೇ ಕಿತ್ತಳೆ ಬಣ್ಣ ಕಂಡು ಮುಖ ಸಣ್ಣ ಮಾಡಿಕೊಳ್ಳುವ ಮದುಮಗಳಿಗೆ ಹಿರಿಯರು "ನಾಳಿದ್ದು ನೋಡು" ಎನ್ನುತ್ತಾರಲ್ಲ, ಅದು ಬರೀ ಸಮಾಧಾನದ ಮಾತಲ್ಲ. ಗಾಳಿಯ ಆಮ್ಲಜನಕದ ಜೊತೆ ವರ್ತಿಸುತ್ತ ಬಣ್ಣ ಒಂದೆರಡು ದಿನದಲ್ಲಿ ಕಂದುಗೆಂಪಿಗೆ ತಿರುಗುತ್ತದೆ. ಚರ್ಮದ ಮೇಲ್ಪದರ ಸವೆದು ಉದುರಿದ ಹಾಗೆ ಎರಡು ಮೂರು ವಾರದಲ್ಲಿ ಮಾಯವಾಗುತ್ತದೆ. ಉಗುರಿನದು ಮಾತ್ರ ಉಗುರು ಬೆಳೆದು ಕತ್ತರಿಗೆ ಸಿಗುವ ತನಕ ಬಿಡುವುದಿಲ್ಲ.

ಅವಳ ಅಜ್ಜಿಗೆ ಕೆರಾಟಿನ್ ಗೊತ್ತಿರಲಿಲ್ಲ, ಹುಣಸೆಹಣ್ಣು ಗೊತ್ತಿತ್ತು. ಹಿತ್ತಲ ಬೇಲಿಯ ಮದರಂಗಿ ಗಿಡದಿಂದ ಎಳೆಯ ಚಿಗುರನ್ನು ಬಿಟ್ಟು ಬಲಿತ ಸೊಪ್ಪನ್ನಷ್ಟೇ ತರಿದು, ಅರೆಯುವ ಕಲ್ಲಿನ ಮೇಲೆ ಹುಣಸೆ, ಒಂದು ಚೂರು ಅಡಿಕೆ, ಚಹಾದ ಡಿಕಾಕ್ಷನ್ ಸೇರಿಸಿ ನುಣ್ಣಗೆ ಅರೆಯುತ್ತಿದ್ದಳು. ಹುಣಸೆಯಾಗಲಿ ನಿಂಬೆಯಾಗಲಿ, ಹುಳಿ ಸೇರಿದರೆ ಎಲೆ ತನ್ನ ಬಣ್ಣವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಅರೆದದ್ದನ್ನು ಕೆಲವು ಗಂಟೆ ಮುಚ್ಚಿಡಬೇಕು. ಕುದಿಯುವ ನೀರು ಸುರಿದು ಅವಸರ ಮಾಡಿದರೆ ಕೆಡುತ್ತದೆ. ಅರೆದವರ ಕೈಯೇ ಮೊದಲು ಕೆಂಪಾಗುವುದರಿಂದ ಆ ಕೆಲಸಕ್ಕೆ ಮನೆಯಲ್ಲಿ ಪೈಪೋಟಿ ಇರುತ್ತಿತ್ತು. ಪಾತ್ರೆ ತೊಳೆಯುವ ಕೆಲಸಕ್ಕೆ ಇರುತ್ತಿರಲಿಲ್ಲ.

ಈಗಿನ ಕೋನುಗಳ ಬಳ್ಳಿ, ನವಿಲು, ಜಾಲರಿ ಆಗ ಇರಲಿಲ್ಲ. ಅಂಗೈ ನಡುವೆ ಒಂದು ದುಂಡು, ಬೆರಳ ತುದಿಗಳಿಗೆ ಟೊಪ್ಪಿ, ಮುಗಿಯಿತು. ಆದರೆ ಮದುವೆಯ ಮೈಲಾಂಚಿ (ಮದರಂಗಿ) ರಾತ್ರಿಗೆ ಮಲಬಾರಿನ ಮಾಪಿಳ್ಳೆ ಮನೆಗಳಲ್ಲಿದ್ದ ಒಂದು ವಿದ್ಯೆ ಅವಳ ಮನೆಗೂ ಬಂದಿತ್ತು. ಹಲಸಿನ ಕಾಲದಲ್ಲಿ ಕೋಲಿಗೆ ಸುತ್ತಿ ಎತ್ತಿಟ್ಟ ಮೇಣವನ್ನು ದೀಪದ ಬಿಸಿಗೆ ಹಿಡಿದು ಕರಗಿಸುವುದು. ಕರಗಿದ ಮೇಣವನ್ನು ತೆಳ್ಳಗಿನ ಕಡ್ಡಿಯಲ್ಲಿ ಎತ್ತಿ ಅಂಗೈ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುವುದು. ಚುರುಕ್ಕೆನ್ನುವಷ್ಟು ಬಿಸಿ, ಸುಡುವಷ್ಟಲ್ಲ. ಚುಕ್ಕಿಗಳು ಸೇರಿ ಹೂವೋ ನಕ್ಷತ್ರವೋ ಆದಮೇಲೆ ಇಡೀ ಅಂಗೈಗೆ ಮದರಂಗಿ ಮೆತ್ತಿ ಬಟ್ಟೆ ಸುತ್ತಿ ಮಲಗಿಸುವುದು. ಬೆಳಿಗ್ಗೆ ಒಣಗಿದ್ದನ್ನು ಉದುರಿಸಿ, ತೆಂಗಿನೆಣ್ಣೆ ಹಚ್ಚಿ ತಿಕ್ಕಿದರೆ ಮೇಣ ಬಿಡುತ್ತದೆ. ಅದಿದ್ದ ಜಾಗ ಬೆಳ್ಳಗೆ, ಉಳಿದದ್ದೆಲ್ಲ ಕೆಂಪು. ತಮಾಷೆಯೆಂದರೆ, ಮದರಂಗಿ ನೀರಿನ ಪರೀಕ್ಷೆಯಲ್ಲಿ ಪಾಸಾದರೂ ಮೇಣ ಆಗುವುದಿಲ್ಲ. ಅದನ್ನು ಬಿಡಿಸದೆ ವುಝೂ ಕೂಡದು. ಹಾಗಾಗಿ ಮುಂಜಾವಿನ ಫಜ್ರ್ ನಮಾಝಿನ ಹೊತ್ತಿಗೆ ಮದುಮಗಳ ಸುತ್ತ ನಾಲ್ಕು ಹೆಂಗಸರು ಎಣ್ಣೆ ಬಟ್ಟಲು ಹಿಡಿದು ಕೂರುತ್ತಿದ್ದರು.

ಗಂಡಸರಿಗೆ ಅಂಗೈಗೆ ಹಚ್ಚಿ ಅಲಂಕರಿಸಿಕೊಳ್ಳುವ ಅವಕಾಶವಿಲ್ಲ, ಗಡ್ಡಕ್ಕೆ ಉಂಟು. ಮಂಗಳೂರಿನ ಬಂದರಿನ ಹಳೆಯ ಅಂಗಡಿಗಳ ಗಲ್ಲಾದ ಹಿಂದೆ ಕೇಸರಿ ಗಡ್ಡಗಳು ಈಗಲೂ ಕಾಣಸಿಗುತ್ತವೆ. ಅದರ ಬೇರು ಏಳನೆಯ ಶತಮಾನದ ಮಕ್ಕಾದಲ್ಲಿದೆ. 630ರಲ್ಲಿ ಮಕ್ಕಾ ಪ್ರವಾದಿಯವರ ಕೈಗೆ ಬಂದ ದಿನ ಅವರ ಸಂಗಾತಿ ಅಬೂಬಕರ್ ತಮ್ಮ ಮುದಿ ತಂದೆ ಅಬೂ ಕುಹಾಫರನ್ನು ಕರೆತಂದರು. ತಲೆ, ಗಡ್ಡ ಪೂರ್ತಿ ಬೆಳ್ಳಗಾಗಿದ್ದವು. ಬಣ್ಣ ಬದಲಿಸಿ, ಕಪ್ಪು ಮಾತ್ರ ಬೇಡ ಎಂದು ಪ್ರವಾದಿಯವರು ಹೇಳಿದರೆಂದು ಹದೀಸ್ ಸಂಗ್ರಹಗಳಲ್ಲಿದೆ. ಸ್ವತಃ ಅಬೂಬಕರ್ ಮದರಂಗಿಗೆ ಕತಮ್ ಎಂಬ ಇನ್ನೊಂದು ಸಸ್ಯವನ್ನು ಬೆರೆಸಿ ಹಚ್ಚುತ್ತಿದ್ದರು. ಎರಡೂ ಕೂಡಿದರೆ ಕಪ್ಪಿಗೆ ಹತ್ತಿರದ ಕಂದು. ಕೂದಲಿಗೆ ಮದರಂಗಿ ಹಚ್ಚುವುದು ಇಸ್ಲಾಮಿಗಿಂತ ಬಹಳ ಹಳೆಯದು: 1976ರಲ್ಲಿ ಪ್ಯಾರಿಸಿಗೆ ಒಯ್ದು ಪರೀಕ್ಷಿಸಿದ ಎರಡನೆಯ ರಾಮ್ಸೆಸ್ ಫೇರೋನ ಮಮ್ಮಿಯ ಕೂದಲಲ್ಲೂ ಅದರ ಬಣ್ಣ ಸಿಕ್ಕಿತು. ನಮ್ಮಲ್ಲಿ ಆಷಾಢದ ಮಳೆಯಲ್ಲಿ ಹಿಂದೂ ಮನೆಗಳ ಹೆಂಗಸರು ಕೈಕಾಲಿಗೆ ಹಚ್ಚಿಕೊಳ್ಳುವುದೂ ಇದೇ ಸೊಪ್ಪನ್ನು. ಗಿಡಕ್ಕೆ ಜಾತಿಯಿಲ್ಲ, ಹಚ್ಚಿಕೊಂಡವರಿಗೆ ಮಾತ್ರ ಒಂದೊಂದು ಕಾಲದಲ್ಲಿ ಅದು ದುಬಾರಿಯಾಗಿದೆ.

ಅತಿ ದುಬಾರಿಯಾದದ್ದು ಸ್ಪೇನಿನ ಗ್ರನಾಡಾದಲ್ಲಿ. 1492ರಲ್ಲಿ ಆ ಊರು ಕ್ರೈಸ್ತ ದೊರೆಗಳ ವಶವಾಯಿತು. ಅಲ್ಲಿನ ಮುಸ್ಲಿಮರನ್ನು ಕೆಲವೇ ವರ್ಷಗಳಲ್ಲಿ ಒತ್ತಾಯದಿಂದ ಮತಾಂತರಿಸಿದರು. ಹೀಗೆ ಮತಾಂತರಗೊಂಡವರಿಗೆ ಮೊರಿಸ್ಕೊ ಎಂದು ಹೆಸರು. ಹೆಸರು ಬದಲಾಗಿತ್ತು, ಇಗರ್ಜಿಗೆ ಹೋಗುತ್ತಿದ್ದರು, ಆದರೆ ಹಮಾಮಿಗೆ ಹೋಗಿ ಸ್ನಾನ ಮಾಡುವುದು, ಕೂದಲಿಗೆ ಮದರಂಗಿ ಹಚ್ಚುವುದು ಬಿಟ್ಟಿರಲಿಲ್ಲ. 1526ರಲ್ಲಿ ಇವನ್ನೆಲ್ಲ ನಿಷೇಧಿಸುವ ಕಟ್ಟಳೆ ಬಂದಾಗ ದೊಡ್ಡ ಮೊತ್ತ ತೆತ್ತು ಮುಂದೂಡಿಸಿಕೊಂಡರು. ಸುಮಾರು ನಲವತ್ತು ವರ್ಷದ ಬಳಿಕ ದೊರೆ ಎರಡನೆಯ ಫಿಲಿಪ್ ಬಗ್ಗಲಿಲ್ಲ. 1567ರ ಜನವರಿ 1ರಂದು ಗ್ರನಾಡಾದಲ್ಲಿ ಆಜ್ಞೆ ಸಾರಿದರು. ಮೂರು ವರ್ಷದೊಳಗೆ ಅರಬ್ಬಿ ಮಾತು ನಿಲ್ಲಬೇಕು, ಶುಕ್ರವಾರ ಮನೆ ಬಾಗಿಲು ತೆರೆದಿರಬೇಕು, ಸ್ನಾನದ ಮನೆಗಳನ್ನು ಕೆಡವಬೇಕು, ಹೆಂಗಸರು ಮದರಂಗಿ ಹಚ್ಚಕೂಡದು. ಸಾಮ್ರಾಜ್ಯವೊಂದು ಒಂದು ಪೊದೆಯ ಎಲೆಗೆ ಹೆದರಿ ಕಾನೂನು ಬರೆಯಿತು.

ಆಗ ಫ್ರಾನ್ಸಿಸ್ಕೊ ನೂನ್ಯೆಸ್ ಮುಲೇ ಎಂಬ ವಯೋವೃದ್ಧ ಮೊರಿಸ್ಕೊ ಗಣ್ಯ ಗ್ರನಾಡಾದ ನ್ಯಾಯಮಂಡಳಿಯ ಮುಂದೆ ಮನವಿ ಸಲ್ಲಿಸಿದ. ಹುಡುಗನಾಗಿದ್ದಾಗ ಆರ್ಚ್‌ಬಿಷಪ್ಪನ ಮನೆಯಲ್ಲೇ ಸೇವೆಗಿದ್ದವನು, ಎರಡೂ ಕಡೆಯ ಮಾತು ಬಲ್ಲವನು. ಮದರಂಗಿ ಮತಾಚಾರವಲ್ಲ, ಹೆಂಗಸರು ತಲೆಯ ಕೊಳೆ ತೆಗೆಯಲು ಹಚ್ಚುತ್ತಾರೆ, ಆರೋಗ್ಯಕ್ಕೆ ಒಳ್ಳೆಯದು ಎಂಬುದು ಅವನ ವಾದ. ಸ್ನಾನದ ಮನೆ ಇರುವುದೂ ಮೈ ಕೊಳೆ ತೊಳೆಯಲಿಕ್ಕೆ, ಅಲ್ಲಿಗೆ ಕ್ರೈಸ್ತರೂ ಬರುತ್ತಾರೆ ಎಂದ. ಮನೆಮದ್ದಿನ ಪರವಾಗಿ ಸರ್ಕಾರದ ಮುಂದೆ ಇಷ್ಟು ಸಮಚಿತ್ತದ ಅರ್ಜಿ ಬರೆದವರು ಚರಿತ್ರೆಯಲ್ಲಿ ಹೆಚ್ಚು ಮಂದಿ ಇರಲಾರರು. ಅರ್ಜಿ ಬಿದ್ದುಹೋಯಿತು. 1568ರ ಕ್ರಿಸ್ಮಸ್ ಹೊತ್ತಿಗೆ ಆಲ್ಪುಹಾರ ಬೆಟ್ಟಗಳಲ್ಲಿ ಬಂಡಾಯ ಎದ್ದಿತು, ಅದನ್ನು ರಕ್ತದಲ್ಲಿ ಅಡಗಿಸಿದರು. 1609ರಿಂದ 1614ರ ನಡುವೆ ಮೊರಿಸ್ಕೊಗಳನ್ನು ಸ್ಪೇನಿನಿಂದಲೇ ಹೊರಹಾಕಿದರು. 2024ರ ಡಿಸೆಂಬರಿನಲ್ಲಿ ಪರಗ್ವೆಯಲ್ಲಿ ಸೇರಿದ ಯುನೆಸ್ಕೊ ಸಭೆ 16 ಅರಬ್ ದೇಶಗಳ ಅರ್ಜಿಯ ಮೇಲೆ ಮದರಂಗಿಯ ಆಚರಣೆಗಳನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನೂನ್ಯೆಸ್ ಮುಲೇಯನ್ನು ಯಾರಾದರೂ ನೆನೆಯಬೇಕಿತ್ತು ಎಂದು ಆಕೆಗೆ ಅನ್ನಿಸಿತು.

ಅದೇ ಸಭೆಯಲ್ಲಿ ಪಟ್ಟಿ ಸೇರಿದ ಇನ್ನೆರಡು ವಸ್ತುಗಳೂ ಬಚ್ಚಲಮನೆಯವೇ: ಪ್ಯಾಲೆಸ್ತೀನಿನ ನಬ್ಲುಸ್ ಸಾಬೂನು, ಸಿರಿಯಾದ ಅಲೆಪ್ಪೊ ಸಾಬೂನು. ಎರಡಕ್ಕೂ ಆಲಿವ್ ಎಣ್ಣೆಯೇ ಆಧಾರ, ಪ್ರಾಣಿಕೊಬ್ಬಿನ ಸೋಂಕಿಲ್ಲ. ಅಂಗಡಿಯ ಸಾಬೂನಿನ ಹೊದಿಕೆಯ ಮೇಲೆ ಸೋಡಿಯಂ ಟ್ಯಾಲೋವೇಟ್ ಎಂದಿದ್ದರೆ ಅದು ಪ್ರಾಣಿಕೊಬ್ಬು. ಕೊಬ್ಬು ಕ್ಷಾರದ ಜೊತೆ ಬೆರೆತು ಬೇರೆಯೇ ವಸ್ತುವಾದ ಮೇಲೆ ಅಡ್ಡಿಯಿಲ್ಲ ಎನ್ನುವುದು ಹನಫಿ ಪಂಥದ ನಿಲುವು. ಕರಾವಳಿಯ ಬ್ಯಾರಿಗಳೂ ನವಾಯತರೂ ಅನುಸರಿಸುವ ಶಾಫಿ ಪಂಥ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಆಕೆಯ ಪಕ್ಕದ ಫ್ಲ್ಯಾಟಿನವರು ಹನಫಿಗಳು. ಒಂದೇ ಗೋಡೆಯ ಎರಡು ಬದಿಗಳಲ್ಲಿ ಸಾಬೂನಿನ ಪೆಟ್ಟಿಗೆಗೆ ಎರಡು ಕಾನೂನು. ಆಕೆ ತೆಂಗಿನೆಣ್ಣೆಯ ಸಾಬೂನು ಕೊಂಡು ಈ ಜಗಳದಿಂದ ಪಾರಾಗಿದ್ದಾಳೆ.

ಮನೆಯಲ್ಲೇ ಮಾಡಿದ್ದೆಲ್ಲ ಅಪ್ಪಟ, ಎಲೆಯಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆ ಮಾತ್ರ ಅವಳಿಗೆ ಎಂದೂ ಬರಲಿಲ್ಲ. ಹತ್ತು ನಿಮಿಷದಲ್ಲಿ ಕಪ್ಪಗೆ ಹತ್ತುತ್ತದೆಂದು ಮಾರುವ "ಕಪ್ಪು ಮದರಂಗಿ"ಯಲ್ಲಿ ಇರುವುದು ಪ್ಯಾರಾ-ಫಿನೈಲಿನ್‌ಡೈಅಮೀನ್. ಕೂದಲ ಬಣ್ಣದಲ್ಲಿ ಅದು ನೂರಕ್ಕೆ ಎರಡು ಪಾಲನ್ನು ಮೀರಬಾರದೆಂದು ಯುರೋಪಿನ ಕಾನೂನು. ಚರ್ಮಕ್ಕೆ ಹಚ್ಚಲು ಅನುಮತಿಯೇ ಇಲ್ಲ. ಕೈಯ ಚಿತ್ತಾರ ಇದ್ದ ಹಾಗೆಯೇ ಬೊಕ್ಕೆಗಳಾಗಿ ಏಳುವುದುಂಟು. ಒಮ್ಮೆ ಅಲರ್ಜಿ ಅಂಟಿಕೊಂಡರೆ ಮುಂದೆ ಕೂದಲಿಗೆ ಡೈ ಹಚ್ಚಿದಾಗಲೂ ಮುಖ ಊದಿಕೊಳ್ಳಬಹುದು. ನಿಜವಾದ ಮದರಂಗಿ ಕಪ್ಪಗಿರುವುದಿಲ್ಲ, ಅವಸರಕ್ಕೆ ಸಿಗುವುದೂ ಇಲ್ಲ. ಅಪ್ಪಟ ಎಲೆಯೂ ಎಲ್ಲರಿಗೂ ಅಲ್ಲ: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸುಗಳಿಗೆ ಹಚ್ಚಿದರೆ ಕೆಂಪು ರಕ್ತಕಣಗಳು ಒಡೆದು ಜೀವಕ್ಕೆ ಅಪಾಯವಾದ ಉದಾಹರಣೆಗಳಿವೆ. ಹಬ್ಬದ ಸಂಭ್ರಮಕ್ಕೆಂದು ಬಾಣಂತಿ ಕೋಣೆಗೆ ಬಟ್ಟಲು ತರುವ ಅತ್ತೆಯಂದಿರನ್ನು ಬಾಗಿಲಲ್ಲೇ ತಡೆಯಬೇಕು. ಕಣ್ಣಿಗೆ ಹಚ್ಚುವ ಸುರ್ಮಾದ ಮೇಲೂ ಅವಳಿಗೆ ನಂಬಿಕೆಯಿಲ್ಲ, ಅಜ್ಜಿಯ ಬೆಳ್ಳಿ ಸುರ್ಮಾದಾನಿ ಈಗ ಕಪಾಟಿನ ಶೋಭೆಗಷ್ಟೇ. ಮಾರುಕಟ್ಟೆಯ ಎಷ್ಟೋ ಸುರ್ಮಾಗಳು ಗೆಲೀನಾ ಅದಿರಿನ ಪುಡಿ, ಎಂದರೆ ಸೀಸದ ಸಲ್ಫೈಡ್. ಅಮೆರಿಕದಲ್ಲಿ ಅದರ ಮಾರಾಟ ಕಾನೂನುಬಾಹಿರ.

ಹಲ್ಲುಜ್ಜುವ ಮಿಸ್ವಾಕ್ ಕಡ್ಡಿಯ ಬಗ್ಗೆ ಅಂಥ ದೂರಿಲ್ಲ. ಸಕ್ಕರೆ, ನಿಂಬೆರಸ, ನೀರು ಕಾಯಿಸಿ ಅಂಟುಪಾಕ ಮಾಡಿ ಮೈಕೂದಲು ಕೀಳುವ ಅರಬ್ ಹೆಂಗಸರ ಪದ್ಧತಿಯೂ ಕೊಲ್ಲಿಯಿಂದ ವಾಪಸಾದ ಸೂಟ್‌ಕೇಸುಗಳ ಜೊತೆ ಕರಾವಳಿಗೆ ಬಂದಿದೆ. ಪಾಕ ಒಂದೆಳೆ ಹೆಚ್ಚಾದರೆ ಕಿರುಚಾಟ ಪಕ್ಕದ ಮನೆಗೂ ಕೇಳುತ್ತದೆ, ಅಷ್ಟೇ.

ಉಗುರು ಬಣ್ಣದವರೂ ಸುಮ್ಮನೆ ಕೂತಿಲ್ಲ. ಪೋಲೆಂಡಿನ ಇಂಗ್ಲಾಟ್ ಕಂಪನಿ ಗಾಳಿ ಮತ್ತು ನೀರಾವಿ ದಾಟಿಹೋಗುವ ಬಣ್ಣವೊಂದನ್ನು ಒಂದು ದಶಕಕ್ಕೂ ಹಿಂದೆ ತಂದಾಗ ಮುಸ್ಲಿಂ ಹೆಂಗಸರು ಅದಕ್ಕೆ ಮುಗಿಬಿದ್ದರು. ಕಾಫಿ ಸೋಸುವ ಕಾಗದಕ್ಕೆ ಬಳಿದು, ಮೇಲೆ ನೀರು ಹನಿಸಿ, ಅಡಿಯ ಕಾಗದ ಒದ್ದೆಯಾಗುತ್ತದೆಯೇ ಎಂದು ಮನೆಮನೆಯಲ್ಲಿ ಪ್ರಯೋಗ ನಡೆಯಿತು. ಆವಿ ದಾಟಿದರೆ ಸಾಕೇ, ನೀರೇ ಹರಿಯಬೇಕೇ ಎಂಬಲ್ಲಿ ವಿದ್ವಾಂಸರು ಇನ್ನೂ ಒಂದಾಗಿಲ್ಲ. ಆಕೆಯ ಮಗಳು ಅಂಥದ್ದೊಂದು ಶೀಶೆ ತರಿಸಿ ಫಿಲ್ಟರ್ ಕಾಗದಕ್ಕೆ ಬಳಿದಿದ್ದಾಳೆ. ಒಂದು ಸಲ ಬಳಿದಾಗ ಒದ್ದೆಯಾಯಿತು, ಎರಡು ಸಲ ಬಳಿದಾಗ ಆಗಲಿಲ್ಲ, ಒಂದೇ ಸಲ ಬಳಿದರೆ ಬಣ್ಣವೇ ಕಾಣುವುದಿಲ್ಲ ಎಂಬುದು ಅವಳ ದೂರು.

ಸೌದಿಯ ದಮ್ಮಾಮಿನಲ್ಲಿರುವ ತಂಗಿಗೆ ಮಾತ್ರ ಹಳೆಯದೇ ಬೇಕು. ಅಲ್ಲಿನ ಸಲೂನುಗಳಲ್ಲಿ ಮದರಂಗಿಗೆ ಕೇಳುವ ರಿಯಾಲಿನ ಲೆಕ್ಕ ಹೇಳಿ ಬೈದ ಮೇಲೆ ಪಟ್ಟಿ ಕಳಿಸಿದ್ದಾಳೆ: ರಾಜಸ್ಥಾನದ ಸೋಜತಿನ ಪುಡಿ ಎರಡು ಪೊಟ್ಟಣ (2021ರಲ್ಲಿ ಜಿಐ, ಎಂದರೆ ಭೌಗೋಳಿಕ ಸೂಚಕ, ಮಾನ್ಯತೆ ಸಿಕ್ಕಿದ್ದು ಅದಕ್ಕೇ), ನೀಲಗಿರಿ ಎಣ್ಣೆ, ಮಗಳ ನಿಕಾಹಿಗೆಂದು ಹಲಸಿನ ಮೇಣ ಒಂದು ಉಂಡೆ. ಪುಡಿಗೂ ಎಣ್ಣೆಗೂ ಬಿಲ್ಲು ಇದೆ. ಕೋಲಿಗೆ ಸುತ್ತಿದ ಆ ಕಂದು ಮೇಣವನ್ನು ಕಸ್ಟಮ್ಸಿನವರ ಮುಂದೆ ಏನೆಂದು ಹೇಳಿ ದಾಟಿಸುವುದು ಎಂದು ಕೇಳಿದ್ದಕ್ಕೆ, "ಸೌಂದರ್ಯ ಸಾಧನ ಎಂದು ಹೇಳು, ಸುಳ್ಳೇನಲ್ಲವಲ್ಲ" ಎಂದು ತಂಗಿಯ ಉತ್ತರ ಬಂದಿದೆ.