ಲಾಯದ ಓಣಿಯ ಕುಂಬಾರಗಿತ್ತಿ

ಲಂಡನ್ ನಗರದ ಹೈಡ್ ಪಾರ್ಕ್ ಉದ್ಯಾನದ ಉತ್ತರಕ್ಕೆ ಆಲ್ಬಿಯನ್ ಮ್ಯೂಸ್ ಎಂಬ ಕಿರಿದಾದ ಓಣಿಯೊಂದಿದೆ. 'ಮ್ಯೂಸ್' ಎಂದರೆ ಕುದುರೆಲಾಯಗಳ ಸಾಲು. ಸಿರಿವಂತರ ಮನೆಗಳ ಹಿಂಬದಿಯಲ್ಲಿ ಅವರ ಕುದುರೆಗಳನ್ನೂ ಸಾರೋಟುಗಳನ್ನೂ ಇರಿಸುವುದಕ್ಕಾಗಿ ಕಟ್ಟಿದ ಇಂತಹ ಲಾಯಗಳು, ಮೋಟಾರು ವಾಹನಗಳು ಬಂದ ಮೇಲೆ ಕೆಲಸವಿಲ್ಲದೆ ಉಳಿದು, ಕ್ರಮೇಣ ಪುಟ್ಟ ಪುಟ್ಟ ಮನೆಗಳಾಗಿ ಮಾರ್ಪಟ್ಟವು. ಈ ಓಣಿಯ ಹದಿನೆಂಟನೆಯ ಸಂಖ್ಯೆಯ ಮನೆಯಲ್ಲಿ 1939ರಿಂದ ಮೊದಲ್ಗೊಂಡು ಅರ್ಧ ಶತಮಾನಕ್ಕೂ ಮೀರಿದ ಕಾಲ ಲೂಸಿ ರೀ ಎಂಬ ಮಹಿಳೆ ವಾಸವಾಗಿದ್ದರು. ಕೆಳಗೆ ಮಡಕೆ ಮಾಡುವ ಕೋಣೆ, ಮೇಲೆ ವಾಸದ ಕೋಣೆಗಳು; ನಡುವೆ ಒಂದು ಮೆಟ್ಟಿಲಸಾಲು. ಆಕೆಯ ಬಾಳಿನ ಬಹುಭಾಗವೆಲ್ಲ ಈ ಮೆಟ್ಟಿಲುಗಳನ್ನು ಹತ್ತುವುದರಲ್ಲಿ, ಇಳಿಯುವುದರಲ್ಲಿ ಕಳೆಯಿತು ಎಂದರೆ ಅತಿಶಯೋಕ್ತಿಯಾಗಲಾರದು.

ಲೂಸಿಯವರು ಇಂಗ್ಲೆಂಡಿನವರಲ್ಲ. 1902ರಲ್ಲಿ ಆಸ್ಟ್ರಿಯ ದೇಶದ ರಾಜಧಾನಿಯಾದ ವಿಯೆನ್ನಾ ನಗರದ ಅನುಕೂಲಸ್ಥ ಯಹೂದ್ಯ ಮನೆತನವೊಂದರಲ್ಲಿ ಜನಿಸಿದವರು. ತಂದೆ ಬೆಂಜಮಿನ್ ಗೊಂಪರ್ಟ್ಸ್ ಹೆಸರಾಂತ ವೈದ್ಯರು. ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರಿಗೆ ಪರಿಚಿತರು. ಸಂಗೀತ, ಚಿತ್ರಕಲೆ, ವಾಸ್ತುಶಿಲ್ಪ ಎಲ್ಲವೂ ಹೊಸ ಹಾದಿಯನ್ನು ಅರಸುತ್ತಿದ್ದ ಕಾಲದ ವಿಯೆನ್ನಾ ಅದು. 1922ರಲ್ಲಿ ಲೂಸಿ ಅಲ್ಲಿನ ಕರಕುಶಲಕಲೆಗಳ ಶಾಲೆಗೆ ಸೇರಿದರು. ಅಲ್ಲಿ ತಿರುಗುವ ತಿಗರಿಯನ್ನು ಕಂಡ ಮೇಲೆ ಆಕೆಯ ಮನಸ್ಸು ಬೇರೆ ಯಾವುದರತ್ತಲೂ ಹರಿಯಲಿಲ್ಲ. ಮಿಖಾಯೆಲ್ ಪೊವೊಲ್ನಿ ಎಂಬವರು ಗುರುಗಳಾಗಿದ್ದರು. ಶಾಲೆಯನ್ನು ಬಿಟ್ಟ ಮೇಲೆ ಸ್ವಂತ ಕಾರ್ಯಾಗಾರ, ಹಾನ್ಸ್ ರೀ ಎಂಬವರೊಡನೆ ವಿವಾಹ, ಯೂರೋಪಿನ ಪ್ರದರ್ಶನಗಳಲ್ಲಿ ಒಂದಾದ ಮೇಲೊಂದು ಮನ್ನಣೆ, 1937ರ ಪ್ಯಾರಿಸ್ ಪ್ರದರ್ಶನದಲ್ಲಿ ಬೆಳ್ಳಿಯ ಪದಕ. ಮೂವತ್ತೈದರ ವಯಸ್ಸಿಗೆ ಕಲಾವಿದೆಯೊಬ್ಬಳು ಬಯಸಬಹುದಾದುದೆಲ್ಲವೂ ಆಕೆಗೆ ದೊರೆತಿತ್ತು.

ಮರುವರ್ಷವೇ ಎಲ್ಲವೂ ತಲೆಕೆಳಗಾಯಿತು. 1938ರ ಮಾರ್ಚ್ ತಿಂಗಳಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ವಶಪಡಿಸಿಕೊಂಡಿತು. ಯಹೂದ್ಯರಿಗೆ ಅಲ್ಲಿ ಬಾಳುವೆ ಅಸಾಧ್ಯವಾಯಿತು. ಅದೇ ವರ್ಷ ಲೂಸಿ ತಾಯ್ನಾಡನ್ನು ತೊರೆದು ಲಂಡನ್ನಿಗೆ ಬಂದರು. ಪತಿಯು ಅಮೆರಿಕೆಗೆ ತೆರಳಲು ನಿರ್ಧರಿಸಿದರು. ಲೂಸಿ ಲಂಡನ್ನಿನಲ್ಲೇ ಉಳಿದರು. ಹಾಗೆ ಬೇರೆಯಾದ ಅವರ ದಾಂಪತ್ಯ ಮತ್ತೆ ಕೂಡಲಿಲ್ಲ. ಆಕೆ ತಮ್ಮೊಡನೆ ತಂದುಕೊಂಡದ್ದರಲ್ಲಿ ಎರಡು ಬಗೆಯ ವಸ್ತುಗಳನ್ನು ಮುಖ್ಯವಾಗಿ ಹೆಸರಿಸಬೇಕು: ತಾವು ಮಾಡಿದ ಕೆಲವು ಮಡಕೆಗಳು; ಮತ್ತು ಅರ್ನ್ಸ್ಟ್ ಪ್ಲಿಷ್ಕೆ ಎಂಬ ತರುಣ ವಾಸ್ತುಶಿಲ್ಪಿ ವಿಯೆನ್ನಾದ ಮನೆಗೆಂದೇ ರಚಿಸಿಕೊಟ್ಟಿದ್ದ ಮರದ ಸಾಮಾನುಗಳು. ಆ ಕಪಾಟು, ಮಣೆ, ಮೇಜುಗಳನ್ನು ಬಿಚ್ಚಿ ಲಂಡನ್ನಿಗೆ ಸಾಗಿಸಲಾಯಿತು. ಸಿಗ್ಮಂಡ್ ಫ್ರಾಯ್ಡ್ ಅವರ ಮಗ ಅರ್ನ್ಸ್ಟ್ ಫ್ರಾಯ್ಡ್ ಸ್ವತಃ ವಾಸ್ತುಶಿಲ್ಪಿ. ಆತ ಅವುಗಳನ್ನು ಲಾಯದ ಓಣಿಯ ಮನೆಯ ಅಳತೆಗೆ ಹೊಂದಿಸಿಕೊಟ್ಟರು. ಊರು ಹೋಯಿತು, ಸಂಸಾರ ಹೋಯಿತು. ಕಪಾಟು ಮಾತ್ರ ಜೊತೆಗೆ ಬಂದಿತು.

ಲಂಡನ್ನಿನಲ್ಲಿ ಆಕೆಯ ಪದಕಗಳಿಗೆ ಬೆಲೆಯಿರಲಿಲ್ಲ. ಹೆಸರನ್ನು ಕೇಳಿದವರೇ ವಿರಳ. ಅದರ ಮೇಲೆ 1939ರಲ್ಲಿ ಮಹಾಯುದ್ಧ ಮೊದಲಾಯಿತು. ಬಾಂಬುಗಳು ಬೀಳುತ್ತಿರುವ ಊರಿನಲ್ಲಿ ನವುರಾದ ಬಟ್ಟಲುಗಳನ್ನು ಕೊಳ್ಳುವವರು ಯಾರು? ಆದರೆ ಹೊಟ್ಟೆಗೆ ಹಿಟ್ಟು ಬೇಕಲ್ಲವೆ! ಅದಕ್ಕೊಂದು ದಾರಿ ತೋರಿಸಿದವರು ವಿಯೆನ್ನಾದಿಂದಲೇ ಬಂದಿದ್ದ ಇನ್ನೊಬ್ಬ ನಿರಾಶ್ರಿತ, ಫ್ರಿಟ್ಸ್ ಲಾಂಪ್ಲ್. ಆತ ಗಾಜಿನ ಕೆಲಸದಲ್ಲಿ ನಿಪುಣ. ಉಡುಪಿಗೆ ಹಚ್ಚುವ ಗಾಜಿನ ಗುಂಡಿಗಳನ್ನು ಮಾಡುವ ಕೆಲಸಕ್ಕೆ ಆತ ಲೂಸಿಯವರನ್ನು ಕರೆದುಕೊಂಡರು. ಸ್ವಲ್ಪ ಕಾಲದಲ್ಲೇ ಆಕೆ ತಮ್ಮ ಮನೆಯ ಆವಿಗೆಯಲ್ಲಿ ಮಣ್ಣಿನ ಗುಂಡಿಗಳನ್ನು ಸುಡಲು ತೊಡಗಿದರು.

ಗುಂಡಿ ಎಂದರೆ ಅಲ್ಪವಾದ ವಸ್ತು. ಕಿತ್ತುಹೋದಾಗಲಲ್ಲದೆ ಅದರ ನೆನಪು ಯಾರಿಗೂ ಆಗುವುದಿಲ್ಲ. ಆದರೆ ಯುದ್ಧಕಾಲದ ಇಂಗ್ಲೆಂಡಿನಲ್ಲಿ ಅದಕ್ಕೊಂದು ಮಹತ್ತ್ವ ಬಂದಿತ್ತು. ಲೋಹ ಯುದ್ಧಸಾಮಗ್ರಿಗೆ ಮೀಸಲು. ಹೊರದೇಶದ ಸರಕು ಬರುವುದು ಕಡಿಮೆ. 1941ರಿಂದ ಬಟ್ಟೆಗೂ ಪಡಿತರ ಬಂದಿತ್ತು. ಹಳೆಯ ಉಡುಪಿಗೇ ಹೊಸ ಕಳೆ ಕೊಡಬೇಕಾದರೆ ಗುಂಡಿ ಬದಲಾಯಿಸುವುದು ಸುಲಭದ ಉಪಾಯ. ಲಂಡನ್ನಿನ ಹೆಸರಾಂತ ಉಡುಪಿನ ಮಳಿಗೆಗಳಿಂದ ಬೇಡಿಕೆಗಳು ಬಂದವು. ಲೂಸಿ ಪ್ಲಾಸ್ಟರಿನ ಅಚ್ಚುಗಳನ್ನು ಮಾಡಿಕೊಂಡು, ಅವುಗಳಲ್ಲಿ ಜೇಡಿಮಣ್ಣನ್ನು ಒತ್ತಿ, ಹೂವಿನಂತೆ, ಗಂಟಿನಂತೆ, ಬಿಲ್ಲೆಯಂತೆ, ಸುರುಳಿಯಂತೆ ಬಗೆಬಗೆಯ ಗುಂಡಿಗಳನ್ನು ತಯಾರಿಸಿದರು. ಯುದ್ಧದ ನಡುವೆ ಕೆಲಕಾಲ ದೃಗುಪಕರಣಗಳ ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. ಯುದ್ಧ ಮುಗಿದ 1945ರಲ್ಲಿ ಗುಂಡಿಯ ಕೆಲಸ ಮತ್ತೆ ಭರದಿಂದ ಸಾಗಿತು. ಮನೆ ತುಂಬ ಸಹಾಯಕರು. ಅವರಲ್ಲಿಯೂ ಹಲವರು ಆಕೆಯಂತೆಯೇ ದೇಶಬಿಟ್ಟು ಬಂದವರು.

ಈ ಕೆಲಸದಲ್ಲಿ ಅತ್ಯಂತ ಕಷ್ಟಕರವಾದುದು ಬಣ್ಣ. ಉಡುಪಿನ ಮಳಿಗೆಯವರು ಬಟ್ಟೆಯ ತುಂಡೊಂದನ್ನು ಕಳುಹಿಸಿ, ಗುಂಡಿ ಅದೇ ಬಣ್ಣದ್ದಾಗಿರಬೇಕು ಎನ್ನುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವವನು ಬಣ್ಣವನ್ನು ಕಣ್ಣಿನಿಂದ ನೋಡಿ ಬೆರೆಸಬಹುದು. ಕುಂಬಾರಿಕೆಯಲ್ಲಿ ಹಾಗಿಲ್ಲ. ಮಣ್ಣಿನ ಮೇಲೆ ಹಚ್ಚುವ ಗಾಜಿನ ಮೆರುಗು ಹಸಿಯಾಗಿರುವಾಗ ಬೂದಿಯಂತೆಯೋ ಸುಣ್ಣದಂತೆಯೋ ಕಾಣುತ್ತದೆ. ಅದರೊಳಗಿನ ತಾಮ್ರ, ಕೋಬಾಲ್ಟ್, ಮ್ಯಾಂಗನೀಸ್ ಮುಂತಾದ ಲೋಹಗಳ ಭಸ್ಮ ಬೆಂಕಿಯನ್ನು ಕಂಡ ಮೇಲೆಯೇ ತನ್ನ ನಿಜವಾದ ಬಣ್ಣವನ್ನು ತೋರಿಸುವುದು. ಗುಲಗಂಜಿಯಷ್ಟು ಹೆಚ್ಚಾದರೂ ಬಣ್ಣ ಬೇರೆ. ಶಾಖ ತುಸು ಏರಿದರೂ ಬೇರೆ. ಆದುದರಿಂದ ತೂಗಿ, ಬೆರೆಸಿ, ಸುಟ್ಟು, ಬರೆದಿಟ್ಟು, ತಪ್ಪಿದರೆ ಮತ್ತೆ ತೂಗಿ ಬೆರೆಸಬೇಕು. ಅನ್ನಕ್ಕಾಗಿ ಹಿಡಿದ ಈ ಕೆಲಸ ಆಕೆಗೆ ಮೆರುಗಿನ ರಸಾಯನವನ್ನು ಕರತಲಾಮಲಕವಾಗುವಂತೆ ಮಾಡಿತು. ಮುಂದೆ ಆಕೆಯ ಬಟ್ಟಲುಗಳ ಮೇಲೆ ಜಗತ್ತು ಕಂಡು ಬೆರಗಾದ ನಸುಗೆಂಪು, ನಿಂಬೆಯ ಹಳದಿ, ನವಿಲುನೀಲಿಗಳಿಗೆ ಈ ಗುಂಡಿಗಳ ಅಭ್ಯಾಸವೇ ಹಿನ್ನೆಲೆ.

1946ರಲ್ಲಿ ಕೆಲಸ ಕೇಳಿಕೊಂಡು ಇಪ್ಪತ್ತಾರು ವರ್ಷದ ತರುಣನೊಬ್ಬ ಬಾಗಿಲಿಗೆ ಬಂದನು. ಅವನ ಹೆಸರು ಹಾನ್ಸ್ ಕೋಪರ್. ಅವನೂ ನಿರಾಶ್ರಿತನೇ, ಜರ್ಮನಿಯಿಂದ ತಪ್ಪಿಸಿಕೊಂಡು ಬಂದವನು. ಬಂದ ನಾಡಿನಲ್ಲಿ ಅವನನ್ನು ಶತ್ರುದೇಶದ ಪ್ರಜೆಯೆಂದು ಬಂಧಿಸಿ ಕೆನಡಾಕ್ಕೆ ಕಳುಹಿಸಿದ್ದರು. ಹಿಂತಿರುಗಿ ಬಂದು ಅವನು ಬ್ರಿಟಿಷ್ ಸೇನೆಯಲ್ಲೇ ಕೂಲಿಯ ದಳವೊಂದರಲ್ಲಿ ಸೇವೆ ಸಲ್ಲಿಸಿದ್ದನು. ವಿಧಿಯ ವಿಚಿತ್ರವೆಂದರೆ ಇದೇ! ಶಿಲ್ಪಿಯಾಗಬೇಕೆಂಬುದು ಅವನ ಆಸೆ. ಮಣ್ಣಿನ ಕೆಲಸದ ಗಂಧಗಾಳಿಯೂ ಅವನಿಗಿರಲಿಲ್ಲ. ಗುಂಡಿ ಒತ್ತುವ ಕೆಲಸಕ್ಕೆ ಲೂಸಿ ಅವನನ್ನು ಸೇರಿಸಿಕೊಂಡರು. ಹದಿನೆಂಟು ವರ್ಷ ಕಿರಿಯನಾದ ಈ ಸಹಾಯಕನಲ್ಲಿ ಅಸಾಧಾರಣ ಪ್ರತಿಭೆಯಿದೆ ಎಂಬುದು ಆಕೆಗೆ ಬೇಗನೆ ಮನವರಿಕೆಯಾಯಿತು. ತಿಗರಿಯ ಕೆಲಸ ಕಲಿಯಲು ಅವನಿಗೆ ಏರ್ಪಾಡು ಮಾಡಿದರು. ಇಬ್ಬರೂ ಸೇರಿ ಬಟ್ಟಲು, ಬಸಿ, ಕಾಫಿಯ ಹೂಜಿಗಳನ್ನು ಮಾಡಿ ಅಂಗಡಿಗಳಿಗೆ ಒದಗಿಸತೊಡಗಿದರು. ಆ ಪಾತ್ರೆಗಳ ಅಡಿಯಲ್ಲಿ ಇಬ್ಬರ ಮುದ್ರೆಯೂ ಒಟ್ಟಿಗೆ ಇರುತ್ತಿತ್ತು. ಮಾಲೀಕಳು ತನ್ನ ಮುದ್ರೆಯ ಪಕ್ಕದಲ್ಲಿ ಕೆಲಸಗಾರನ ಮುದ್ರೆಗೆ ಸ್ಥಳ ಕೊಡುವುದು ಎಲ್ಲೆಡೆಯೂ ಕಾಣುವ ಸಂಗತಿಯಲ್ಲ.

ಇಲ್ಲಿ ಇನ್ನೊಬ್ಬರ ವಿಷಯವನ್ನು ಹೇಳಬೇಕು. ಆ ಕಾಲದ ಇಂಗ್ಲೆಂಡಿನಲ್ಲಿ ಕುಂಬಾರಿಕೆ ಎಂದರೆ ಬರ್ನಾರ್ಡ್ ಲೀಚ್. ಜಪಾನಿನಲ್ಲಿ ಬಹುಕಾಲ ಇದ್ದು, ಅಲ್ಲಿನ ಕಲೆಯನ್ನು ಕಲಿತು ಬಂದ ಲೀಚ್ ಅವರು 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್ ಎಂಬ ಕಡಲತೀರದ ಊರಿನಲ್ಲಿ ಕಾರ್ಯಾಗಾರವನ್ನು ಸ್ಥಾಪಿಸಿದ್ದರು. ಮಡಕೆ ದಪ್ಪನಾಗಿ, ಗಟ್ಟಿಯಾಗಿ, ಮಣ್ಣಿನ ಬಣ್ಣದ್ದಾಗಿ, ಹಳ್ಳಿಗನ ಕೈಗೆ ಒಪ್ಪುವಂತಿರಬೇಕೆಂಬುದು ಅವರ ಮತ. ಲೂಸಿಯವರ ಮಡಕೆಗಳು ತೆಳು, ನಗರದ ನಯವುಳ್ಳವು, ಕಿರಿದಾದ ಅಡಿಯ ಮೇಲೆ ಅರಳಿ ನಿಂತಂಥವು. ಲೀಚ್ ಅವರಿಗೆ ಅವು ಹಿಡಿಸಲಿಲ್ಲ. ಆದರೆ ಸ್ನೇಹಪರರಾದ ಆತ ತಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಪರಸ್ಥಳದಲ್ಲಿ ನೆಲೆ ಅರಸುತ್ತಿರುವವರಿಗೆ ಆ ನಾಡಿನ ಹಿರಿಯನ ಮಾತು ಎಷ್ಟು ಭಾರವಾಗಿ ತೋರುತ್ತದೆ ಎಂಬುದನ್ನು ಊಹಿಸಬಹುದು. ಲೂಸಿ ತಮ್ಮ ಕೈಯ ರೀತಿಯನ್ನು ಬಿಟ್ಟು ದಪ್ಪನೆಯ ಮಡಕೆಗಳನ್ನು ಮಾಡಲೆತ್ನಿಸಿದರು. ಕೆಲವು ವರ್ಷಗಳು ಹೀಗೆ ಕಳೆದವು. ಆ ಮಡಕೆಗಳಲ್ಲಿ ಲೀಚ್ ಇದ್ದರು, ಲೂಸಿ ಇರಲಿಲ್ಲ.

ಇದು ಸಲ್ಲದೆಂದು ಧೈರ್ಯ ಹೇಳಿದವನು ಹಾನ್ಸ್ ಕೋಪರ್. ಕಲಿಯಲು ಬಂದವನೇ ಕಲಿಸಿದವರಿಗೆ ಬೆಂಬಲವಾಗಿ ನಿಂತನು. ಆಕೆ ಮತ್ತೆ ತಮ್ಮ ತೆಳುವಾದ ಗೋಡೆಗಳಿಗೆ, ತಮ್ಮ ಬಣ್ಣಗಳಿಗೆ ಮರಳಿದರು. 1948ರಲ್ಲಿ ಹೆಚ್ಚಿನ ಶಾಖ ಕೊಡುವ ವಿದ್ಯುತ್ ಆವಿಗೆಯೊಂದು ಆಕೆಯ ಕಾರ್ಯಾಗಾರಕ್ಕೆ ಬಂದಿತು. ಅದೇ ಸುಮಾರಿನಲ್ಲಿ ಏವ್‌ಬರಿ ಎಂಬಲ್ಲಿನ ವಸ್ತುಸಂಗ್ರಹಾಲಯದಲ್ಲಿ ಸಾವಿರಾರು ವರ್ಷ ಹಿಂದಿನ ಮಡಕೆಗಳನ್ನು ಕಂಡರು. ಅವುಗಳ ಮೇಲೆ ಕೊರೆದ ಗೆರೆಗಳಿದ್ದವು. ಬಳಿಯಲ್ಲಿ ಹಕ್ಕಿಯ ಮೂಳೆಗಳನ್ನು ಇಟ್ಟಿದ್ದರು. ಲೂಸಿ ಮೂಳೆಗೆ ಬದಲಾಗಿ ಸೂಜಿಯನ್ನು ಹಿಡಿದರು. ಮ್ಯಾಂಗನೀಸಿನ ಕಡುಗಂದು ಲೇಪದ ಮೇಲೆ ಕೂದಲೆಳೆಯಂತಹ ಗೆರೆಗಳನ್ನು ಒಂದೊಂದಾಗಿ, ಅಳತೆಗೋಲಿಲ್ಲದೆ, ಕೈಯಿಂದಲೇ ಕೊರೆದರು. ಅಂತಹ ಬಟ್ಟಲನ್ನು ನೋಡಿದವರಿಗೆ ಅದು ಹಳೆಯದೋ ಹೊಸದೋ ಎಂಬ ಅನುಮಾನ ಬರುತ್ತದೆ. ಲೀಚ್ ಅವರಾದರೋ ಮುಂದೆ ಆಕೆಯ ಕೆಲಸದ ಹಿರಿಮೆಯನ್ನು ಒಪ್ಪಿಕೊಂಡರು. 1979ರಲ್ಲಿ ತೀರಿಕೊಳ್ಳುವವರೆಗೂ ಅವರ ಗೆಳೆತನ ಮುಂದುವರಿಯಿತು.

ಆಕೆಯ ಕೆಲಸದ ರೀತಿಯಲ್ಲಿ ಒಂದು ವಿಶೇಷವಿತ್ತು. ಮೆರುಗಿನ ಪಾತ್ರೆಗಳನ್ನು ಸಾಮಾನ್ಯವಾಗಿ ಎರಡು ಸಲ ಸುಡುತ್ತಾರೆ. ಒಣಗಿದ ಪಾತ್ರೆಯನ್ನು ಒಮ್ಮೆ ಸುಟ್ಟು ಗಟ್ಟಿ ಮಾಡಿ, ಆಮೇಲೆ ಮೆರುಗಿನ ದ್ರವದಲ್ಲಿ ಅದ್ದಿ, ಮತ್ತೊಮ್ಮೆ ಸುಡುವುದು ಕ್ರಮ. ಲೂಸಿ ಒಂದೇ ಸಲ ಸುಡುತ್ತಿದ್ದರು. ಸುಡದ, ಬರಿದೆ ಒಣಗಿದ ಮಣ್ಣಿನ ಮೇಲೆಯೇ ಕುಂಚದಿಂದ ಮೆರುಗನ್ನು ಬಳಿದು, ಸುಮಾರು 1250 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಒಡ್ಡುತ್ತಿದ್ದರು. ಇದರಲ್ಲಿ ಅಪಾಯವುಂಟು. ಒಣಮಣ್ಣು ನೀರನ್ನು ಹೀರಿ ಮೆತ್ತಗಾಗಿ ಕುಸಿಯಬಹುದು. ತೆಳುವಾದ ಅಂಚು ಕುಂಚದ ಭಾರಕ್ಕೇ ಮುರಿಯಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಕನ್ನಡದ ಗಾದೆಗೆ ಇಲ್ಲಿ ದೊಣ್ಣೆಯೂ ಬೇಡ, ಕುಂಚವೇ ಸಾಕು. ಆದರೆ ಉಳಿದು ಬಂದ ಪಾತ್ರೆಯಲ್ಲಿ ಮಣ್ಣೂ ಮೆರುಗೂ ಒಂದೇ ಬೆಂಕಿಯಲ್ಲಿ ಬೆಂದು ಒಂದಾಗಿರುತ್ತವೆ. ಕೆಲವೊಮ್ಮೆ ಮೆರುಗಿಗೆ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಬೆರೆಸುತ್ತಿದ್ದರು. ಅದು ಶಾಖದಲ್ಲಿ ಅನಿಲವನ್ನು ಹೊರಡಿಸಿ ಗುಳ್ಳೆಗಳನ್ನೆಬ್ಬಿಸುವುದರಿಂದ, ಹೂದಾನಿಯ ಮೈ ಜ್ವಾಲಾಮುಖಿಯ ಕಲ್ಲಿನಂತೆ ಕುಳಿಕುಳಿಯಾಗುತ್ತಿತ್ತು.

ಆವಿಗೆಯ ಬಾಯಿ ಮೇಲ್ಭಾಗದಲ್ಲಿತ್ತು. ಗಿಡ್ಡನೆಯ, ತೆಳುಮೈಯ ಆಕೆ ಅದರೊಳಗೆ ಅರ್ಧದೇಹವನ್ನೇ ಬಾಗಿಸಿ ತಳದ ಬಟ್ಟಲುಗಳನ್ನು ಎತ್ತಬೇಕಾಗಿತ್ತು. ಎಂಬತ್ತರ ವಯಸ್ಸಿನಲ್ಲೂ ಇದನ್ನು ಬಿಡಲಿಲ್ಲ. ತಮ್ಮ ಕಲೆಯ ಕುರಿತು ಮಾತನಾಡುವುದೆಂದರೆ ಮಾತ್ರ ಆಕೆಗೆ ಬೇಸರ. ಸಿದ್ಧಾಂತ ಕೇಳಲು ಬಂದವರಿಗೆ ಕಾಫಿಯೂ ತಾವೇ ಮಾಡಿದ ಕೇಕೂ ಸಿಗುತ್ತಿದ್ದವು, ಸಿದ್ಧಾಂತ ಸಿಗುತ್ತಿರಲಿಲ್ಲ. ಕ್ಯಾಂಬರ್ವೆಲ್ ಕಲಾಶಾಲೆಯಲ್ಲಿ 1960ರಿಂದ ಸುಮಾರು ಹನ್ನೊಂದು ವರ್ಷ ಪಾಠ ಹೇಳಿದರು. ಕೋಪರ್ 1958ರಲ್ಲಿ ಸ್ವತಂತ್ರವಾಗಿ ಬೇರೆಡೆ ನೆಲೆಸಲು ಹೊರಟು, ತನ್ನದೇ ದಾರಿಯಲ್ಲಿ ದೊಡ್ಡ ಕಲಾವಿದನಾದನು; 1981ರಲ್ಲಿ ಆಕೆಗಿಂತ ಮೊದಲೇ ತೀರಿಕೊಂಡನು. ಗೌರವಗಳು ಬಂದವು. 1991ರಲ್ಲಿ ಬ್ರಿಟಿಷ್ ಸರ್ಕಾರ ಆಕೆಗೆ 'ಡೇಮ್' ಪದವಿಯನ್ನಿತ್ತಿತು. 1994ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಲೂಸಿ ಮತ್ತು ಕೋಪರ್ ಇಬ್ಬರ ಕೃತಿಗಳ ಪ್ರದರ್ಶನ ನಡೆದಾಗ ಅದರ ಶೀರ್ಷಿಕೆಯಲ್ಲಿ ಅವರನ್ನು ಇಬ್ಬರು ಬ್ರಿಟಿಷ್ ಕುಂಬಾರರು ಎಂದು ಕರೆಯಲಾಗಿತ್ತು. ಒಬ್ಬಾಕೆ ವಿಯೆನ್ನಾದವಳು, ಒಬ್ಬಾತ ಜರ್ಮನಿಯವನು!

ಗುಂಡಿಗಳ ಕಥೆ ಇನ್ನೂ ಮುಗಿದಿರಲಿಲ್ಲ. ಜಪಾನಿನ ಪ್ರಸಿದ್ಧ ಉಡುಪು ವಿನ್ಯಾಸಕ ಇಸ್ಸೆ ಮಿಯಾಕೆ 1984ರಲ್ಲಿ ಲಂಡನ್ನಿಗೆ ಬಂದಿದ್ದಾಗ ಆಕೆಯ ಮಡಕೆಗಳ ಕುರಿತ ಪುಸ್ತಕವೊಂದನ್ನು ಕಂಡು, ಆಕೆಯನ್ನು ಹುಡುಕಿಕೊಂಡು ಲಾಯದ ಓಣಿಗೆ ಬಂದರು. 1989ರಲ್ಲಿ ಜಪಾನಿನಲ್ಲಿ ಆಕೆಯ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿದರು. ಅಷ್ಟೇ ಅಲ್ಲ, ನಾಲ್ಕು ದಶಕಗಳಿಗೂ ಹಿಂದೆ ಹೊಟ್ಟೆಪಾಡಿಗಾಗಿ ಆಕೆ ಮಾಡಿ, ಮಾರಾಟವಾಗದೆ ಉಳಿದಿದ್ದ ಗುಂಡಿಗಳನ್ನು ಅದೇ ವರ್ಷದ ತಮ್ಮ ಉಡುಪುಗಳಿಗೆ ಹೊಲಿಸಿದರು.

1990ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಆಕೆಯ ತಿಗರಿ ನಿಂತಿತು. 1995ರ ಏಪ್ರಿಲ್ 1ರಂದು ಆಲ್ಬಿಯನ್ ಮ್ಯೂಸ್‌ನ ಮನೆ ಬರಿದಾಯಿತು. ಆ ಕಾರ್ಯಾಗಾರವನ್ನು 2009ರಲ್ಲಿ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಕುಂಬಾರಿಕೆಯ ವಿಭಾಗದಲ್ಲಿ ಇದ್ದಂತೆಯೇ ಮರಳಿ ಜೋಡಿಸಿದರು. ಪ್ಲಿಷ್ಕೆಯವರು ರಚಿಸಿದ ಕಪಾಟು, ಮಣೆಗಳು ವಿಯೆನ್ನಾಕ್ಕೆ ಹಿಂತಿರುಗಿ, ಅಲ್ಲಿನ ಪೀಠೋಪಕರಣಗಳ ಸಂಗ್ರಹಾಲಯವನ್ನು ಸೇರಿದವು. ತಿಗರಿ ಲಂಡನ್ನಿನಲ್ಲಿಯೇ ಉಳಿಯಿತು.