ಠರಾವು ಬರೆಯುವ ಹೊತ್ತು

ನೋಟಿಸಿನಲ್ಲಿ ಹನ್ನೊಂದಕ್ಕೆ ಎಂದಿದೆ. ಏಪ್ರಿಲ್ ಬಿಸಿಲು ಆಗಲೇ ನೆತ್ತಿ ಸುಡುತ್ತಿದೆ. ಬಾಗಲಕೋಟೆ ಜಿಲ್ಲೆಯ ತೇರದಾಳ ಪುರಸಭೆಯ ಸಭಾಭವನದಲ್ಲಿ ಹಾಜರಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತಿದೆ. ಗೋಡೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂಡಿರಿ. ಇದು ತಿಂಗಳ ಸಾಮಾನ್ಯ ಸಭೆ.

ಜನ ಆರಿಸಿ ಕಳಿಸಿದವರು 23 ಮಂದಿ. ಸರ್ಕಾರ ನಾಮಕರಣ ಮಾಡಿದವರೂ ಇದ್ದಾರೆ; ಅವರು ಮಾತಾಡಬಹುದು, ಮತ ಹಾಕುವಂತಿಲ್ಲ. ಶಾಸಕರಿಗೂ ಸಂಸದರಿಗೂ ಇಲ್ಲಿ ಮತವಿದೆ. ಅಧ್ಯಕ್ಷರ ಪಕ್ಕ ಕೂತ ಮುಖ್ಯಾಧಿಕಾರಿ ಮಾತ್ರ ಯಾರ ಮತದಿಂದಲೂ ಬಂದವರಲ್ಲ, ಸರ್ಕಾರ ನೇಮಿಸಿದವರು. ಕಡತಗಳೆಲ್ಲ ಅವರ ಮುಂದಿವೆ, ನೋಡಿ.

"ಕೋರಂ ಆತ್ರೀ."

ಹಿಂದಿನ ಸಭೆಯ ನಡಾವಳಿ ಓದಿ ಮುಗಿಯುತ್ತದೆ. ಜಮಾ-ಖರ್ಚಿನ ಪುಟ ಬಂದಾಗ ಕಿವಿಗೊಡಿ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರಿಗೆ ಮತ್ತು ಸ್ವಚ್ಛತೆಗೆ ಎಂದು ದಿಲ್ಲಿಯಲ್ಲೇ ಕಟ್ಟಿ ಕಳಿಸಿದ್ದು. ಈ ಮೇಜಿನ ಸುತ್ತ ಜಗ್ಗಾಟ ನಡೆಯುವುದು ಉಳಿದ 40ಕ್ಕೆ: ಯಾವ ಓಣಿಗೆ ಗಟಾರ, ಯಾವ ಓಣಿಗೆ ಸಿಸಿ ರಸ್ತೆ. ಮನೆ ಕರ, ನೀರಿನ ಕರ, ಮಳಿಗೆ ಬಾಡಿಗೆ ಸರಿಯಾಗಿ ವಸೂಲಾದರೆ ಆ ಹಣ ಊರಿನ ಸ್ವಂತದ್ದು. ಆದ್ದರಿಂದಲೇ ಕರ ಬಾಕಿಯ ಪಟ್ಟಿಯನ್ನು ಸಭೆಯಲ್ಲಿ ಜೋರಾಗಿ ಓದಬೇಕೆಂದು ನನ್ನ ಹಟ.

ಆಮೇಲೆ ನೀರಿನ ವಿಷಯ. ಎರಡನೆಯ ಸಾಲಿನ ಸದಸ್ಯೆ ಎದ್ದು ನಿಲ್ಲುತ್ತಾರೆ. ಅವರ ಹೆಸರು, ವಾರ್ಡು ಬೇಡ. ಬೇಸಿಗೆಯ ಸಭೆಗಳಲ್ಲಿ ಯಾರಾದರೊಬ್ಬರು ಎದ್ದು ಆಡುವ ಮಾತು ಇದು.

"ನಮ್ಮ ಓಣಿಗೆ ನಳಾ ಬಂದು ವಾರ ಆತ್ರೀ. ಬೋರೂ ಬತ್ತ್ಯಾವ. ಟ್ಯಾಂಕರ್ ಮೊದಲ ಎಲ್ಲಿಗೆ ಹೋಗಬೇಕು, ಇಲ್ಲೇ ಹೇಳ್ರಿ."

ಒಮ್ಮೆಲೇ ನಾಲ್ಕಾರು ದನಿ ಏಳುತ್ತವೆ. ಎಂಜಿನಿಯರ್ ಹೊಳೆಯ ಮಟ್ಟ ಹೇಳುತ್ತಾರೆ. ಕೃಷ್ಣೆ ಇಲ್ಲಿಗೆ ದೂರವಿಲ್ಲ, ಹಿಪ್ಪರಗಿ ಬ್ಯಾರೇಜೂ ಇದೇ ಸೀಮೆಯದು. ಆದರೆ ಬ್ಯಾರೇಜಿನ ಹಿನ್ನೀರು ಇಳಿದರೆ ಕೊಯ್ನಾ ಜಲಾಶಯದಿಂದ ನೀರು ಬಿಡಿ ಎಂದು ಬೆಂಗಳೂರಿನವರು ಮುಂಬೈಗೆ ಪತ್ರ ಬರೆಯಬೇಕು. ಪೈಪು ಪುರಸಭೆಯದು, ಹೊಳೆ ಪುರಸಭೆಯದಲ್ಲ. ಸದಸ್ಯೆ ಕೇಳುತ್ತಿರುವುದು ಹೊಳೆಯನ್ನಲ್ಲ, ಪಾಳಿಯನ್ನು. ಅದನ್ನು ಕೊಡುವುದು ಈ ಕೋಣೆಯ ಕೈಯಲ್ಲಿದೆ.

ಇನ್ನು ಗುಮಾಸ್ತರ ಪೆನ್ನಿನ ಮೇಲೆ ಕಣ್ಣಿಡಿ. ಗದ್ದಲ ಎಷ್ಟೇ ಆಗಲಿ, ಸಭೆ ಮುಗಿದ ಮೇಲೆ ಉಳಿಯುವುದು ನಡಾವಳಿ ಪುಸ್ತಕದ ನಾಲ್ಕು ಸಾಲು. "ಚರ್ಚಿಸಿ, ಸೂಕ್ತ ಕ್ರಮ ಕೈಗೊಳ್ಳಲು ಠರಾಯಿಸಲಾಯಿತು" ಎಂದಷ್ಟೇ ಬರೆದರೆ ಮುಂದಿನ ತಿಂಗಳು ಯಾರನ್ನೂ ಕೇಳುವ ಹಾಗಿಲ್ಲ. ಸದಸ್ಯೆ ಕೂಡುವುದಿಲ್ಲ. "ಓದ್ರಿ" ಎನ್ನುತ್ತಾರೆ. ಗುಮಾಸ್ತರು ಓದುತ್ತಾರೆ. "ವಾರ್ಡ್ ನಂಬರ್ ಹಾಕ್ರಿ. ಎಷ್ಟು ಟ್ಯಾಂಕರ್, ಎಂದಿನಿಂದ, ಅದನ್ನೂ ಹಾಕ್ರಿ."

ಈ ಊರಿಗೆ ಬರೆದಿಡುವುದು ಹೊಸದಲ್ಲ. ಸುಮಾರು 1123ರಲ್ಲಿ ಮಾಂಡಲಿಕ ಗೊಂಕ ನೇಮಿನಾಥ ಬಸದಿ ಕಟ್ಟಿಸಿ ಬಿಟ್ಟ ದತ್ತಿಯನ್ನು ಕಲ್ಲಿನಲ್ಲೇ ಕೆತ್ತಿಸಿದ. ಮುಂದೆ ಈ ಊರು ಸಾಂಗಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತು. ಹುಕುಂ ಅಲ್ಲಿಂದ ಬರುತ್ತಿತ್ತು. ಓಣಿಯ ಹೆಣ್ಣುಮಗಳೊಬ್ಬಳು ಎದ್ದು ನಿಂತು ಹುಕುಂ ತಿದ್ದಿಸುವುದು ಈ ಸಭಾಭವನ ಕೊಟ್ಟ ಬಲ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾದದ್ದರ ಫಲವನ್ನು ನೀವು ಈಗ ಕಣ್ಣಾರೆ ನೋಡುತ್ತಿದ್ದೀರಿ.

ಈ ಬಲ ಎಷ್ಟು ಸುಲಭವಾಗಿ ಕೈತಪ್ಪುತ್ತದೆ ಎಂಬುದನ್ನೂ ಇಲ್ಲಿಯೇ ನೆನೆಯಬೇಕು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳು ಮತ ಹಾಕಿದವು. ಗೆದ್ದವರು ಪ್ರಮಾಣಪತ್ರ ಹಿಡಿದು ಮನೆಯಲ್ಲಿ ಕೂತರು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟು ಮೆಟ್ಟಿಲೇರಿತ್ತು. ಎರಡು ವರ್ಷ ದಾಟಿ 2020ರ ನವೆಂಬರ್ ಬರುವ ತನಕ ಆಡಳಿತಾಧಿಕಾರಿಯ ಸಹಿಯೇ ಸಭೆ, ಸಹಿಯೇ ಠರಾವು. ಅಧ್ಯಕ್ಷರ ಮೊದಲ 30 ತಿಂಗಳ ಅಧಿಕಾರ ಮುಗಿದ ಮೇಲೆ ಮತ್ತೆ ಹಾಗೆಯೇ ಆಯಿತು; ಎರಡನೆಯ ಸರದಿಯ ಮೀಸಲಾತಿ ಪಟ್ಟಿ 2024ರ ಆಗಸ್ಟ್ ತನಕ ಹೊರಬೀಳಲಿಲ್ಲ. ಐದು ವರ್ಷಕ್ಕೆಂದು ಮತ ಹಾಕಿದ ಜನರಿಗೆ ಇದು ಅನ್ಯಾಯ. ಬೇರೆ ಮಾತು ನನ್ನಲ್ಲಿಲ್ಲ.

ಕುರ್ಚಿ ಸಿಕ್ಕ ದಿನವೂ ಎಲ್ಲ ಕಡೆ ನೆಟ್ಟಗೆ ನಡೆಯಲಿಲ್ಲ. ಅಧ್ಯಕ್ಷರ ಆಯ್ಕೆಯಲ್ಲಿ ಗುಟ್ಟಿನ ಮತವಿಲ್ಲ. ಎಲ್ಲರ ಎದುರು ಕೈ ಎತ್ತಬೇಕು. ಆದ್ದರಿಂದ ಸಭಾಭವನದ ಬಾಗಿಲು ದಾಟುವುದೇ ಒಂದು ಪರೀಕ್ಷೆ. ಇದೇ ತೇರದಾಳ ಮತಕ್ಷೇತ್ರದ ಮಹಾಲಿಂಗಪುರದಲ್ಲಿ 2020ರ ನವೆಂಬರ್ 9ರಂದು, ಮತ ಹಾಕಲು ಬಂದ ಸದಸ್ಯೆಯರನ್ನು ಮೆಟ್ಟಿಲ ಮೇಲೆ ಎಳೆದಾಡಿದ ದೃಶ್ಯವನ್ನು ರಾಜ್ಯವೆಲ್ಲ ಟಿವಿಯಲ್ಲಿ ನೋಡಿತು. ಎದ್ದು ನಿಂತು "ಓದ್ರಿ" ಎನ್ನುವ ಧೈರ್ಯದ ಬೆಲೆ ತಿಳಿಯಬೇಕಾದರೆ ಆ ಮೆಟ್ಟಿಲನ್ನು ನೆನಪಿಡಿ.

ಗುಮಾಸ್ತರು ತಿದ್ದಿ ಮತ್ತೆ ಓದುತ್ತಾರೆ. ಈಗ ವಾರ್ಡಿದೆ, ತಾರೀಖಿದೆ, ಟ್ಯಾಂಕರ್ ಲೆಕ್ಕವಿದೆ. ಅಧ್ಯಕ್ಷರು "ಮಂಜೂರು" ಎನ್ನುತ್ತಾರೆ. ಮೇಜು ತಟ್ಟುವ ಸದ್ದು. ಟ್ಯಾಂಕರಿನ ಠರಾವು ನಾಳೆಯೇ ಜಾರಿಗೆ ಬರಬಹುದು. ಅದರ ಬೆನ್ನಿಗೇ ಮಂಜೂರಾದ ಹೊಸ ಪೈಪಿನ ಕೆಲಸ ಕ್ರಿಯಾ ಯೋಜನೆಯಾಗಿ ಬಾಗಲಕೋಟೆಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಹೋಗಬೇಕು, ಒಪ್ಪಿಗೆಯಾಗಬೇಕು, ಟೆಂಡರ್ ಕರೆಯಬೇಕು. ಠರಾವು ಕಾನೂನು ಮೀರಿದ್ದೆಂದು ಕಂಡರೆ ತಡೆಯುವ ಅಧಿಕಾರ ಜಿಲ್ಲಾಧಿಕಾರಿಗಿದೆ.

ಸದಸ್ಯೆ ಕೂತು, ಪುಸ್ತಕ ತಮ್ಮ ಕಡೆಗೆ ತಿರುಗಿಸಿಕೊಂಡು, ಠರಾವಿನ ನಂಬರನ್ನು ಫೋನಿನಲ್ಲಿ ಬರೆದುಕೊಳ್ಳುತ್ತಾರೆ. ಮುಖ್ಯಾಧಿಕಾರಿ ಮುಂದಿನ ವಿಷಯ ಓದುತ್ತಾರೆ: ಬೀದಿ ದೀಪಗಳ ನಿರ್ವಹಣೆ.