ತಗ್ಗಿನ ಕಾರು, ಎತ್ತರದ ಜೀಪು

ಮೈಸೂರಿನ ಕಾರುಹುಚ್ಚಿನವರಲ್ಲಿ ಎರಡು ಮತಗಳಿವೆ. ದ್ವೈತ ಅದ್ವೈತಗಳಷ್ಟು ಹಳೆಯವಲ್ಲ, ಆದರೆ ಜಗಳದ ಕಾವು ಕಡಿಮೆಯೇನಿಲ್ಲ. ಒಂದಕ್ಕೆ ಪೋರ್ಷೆ, ಫೆರಾರಿಗಳೇ ದೇವರು. ಇನ್ನೊಂದಕ್ಕೆ ಥಾರ್, ಜಿಮ್ನಿ, ಹಳೆಯ ಜಿಪ್ಸಿ. ನನ್ನ ಗೆಳೆಯರು ಎರಡೂ ಕಡೆ ಇದ್ದಾರೆ. ಪೋರ್ಷೆ ಪಕ್ಷದ ಯಾರ ಬಳಿಯೂ ಪೋರ್ಷೆ ಇಲ್ಲ. ಜೀಪಿನ ಪಕ್ಷದಲ್ಲಿ ಒಬ್ಬನಿಗೆ ಥಾರ್ ಇದೆ, ಅದರ ಸಾಲದ ಕಂತೂ ಇದೆ.

ಸ್ಪೋರ್ಟ್ಸ್ ಕಾರಿನವರ ವಾದ ಸರಳ. ಕಾರು ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ವಾಲುವುದು ಕಡಿಮೆ. ಸ್ಟಿಯರಿಂಗ್ ಹಿಡಿದ ಕೈಗೆ ರಸ್ತೆಯ ನಾಡಿ ಸಿಗುತ್ತದೆ. ಜೀಪು ಓಡಿಸುವುದೆಂದರೆ ಹುಲ್ಲು ಹೇರಿದ ಎತ್ತಿನಗಾಡಿಯ ತುದಿಯಲ್ಲಿ ಕೂತಂತೆ ಎಂದು ಅವರ ಗೇಲಿ. ‘ನಿಮ್ಮ ಕಾರು ಮೊದಲು ಕುವೆಂಪುನಗರದ ಒಂದು ಹಂಪ್ ದಾಟಲಿ ಮಾರಾಯ’ ಎಂದು ಇವರ ಉತ್ತರ. 2020ರಲ್ಲಿ ಬಂದ ಥಾರ್‌ನ ಹೊಟ್ಟೆಗೂ ನೆಲಕ್ಕೂ 226 ಮಿಲಿಮೀಟರ್ ಅಂತರ. 650 ಮಿಲಿಮೀಟರ್ ಆಳದ ನೀರಿಗೆ ಇಳಿಯಬಲ್ಲದು ಎನ್ನುತ್ತದೆ ಕಂಪನಿ. ನಾಲ್ಕೂ ಚಕ್ರಕ್ಕೆ ಬಲ ಹರಿಯುತ್ತದೆ. ಲೋ ಗೇರ್ ಹಾಕಿದರೆ ವೇಗವನ್ನು ಬಿಟ್ಟುಕೊಟ್ಟು ಎಳೆಯುವ ಶಕ್ತಿಯನ್ನು ಪಡೆಯುತ್ತದೆ.

ಇಬ್ಬರ ಮಾತೂ ಸರಿ. ಆದರೆ ಓಡಿಸುವುದು ಎಲ್ಲಿ? 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ 118 ಕಿಲೋಮೀಟರ್ ಉದ್ದವಿದೆ, ಅದರ ವೇಗಮಿತಿ ನೂರು. ಗಂಟೆಗೆ 290 ಕಿಲೋಮೀಟರ್ ದಾಟಬಲ್ಲ ಪೋರ್ಷೆಯೂ ಅಲ್ಲಿ ನಮ್ಮ ಮನೆಯ ಸ್ವಿಫ್ಟ್‌ನ ಹಿಂದೆ ಸಾಲಿನಲ್ಲಿ ಬರಬೇಕು. ಇತ್ತ ಗೆಳೆಯನ ಥಾರ್ ಇದುವರೆಗೆ ಇಳಿದಿರುವ ಅತಿ ಆಳದ ನೀರೆಂದರೆ ಮಳೆಗಾಲದ ರೈಲ್ವೆ ಅಂಡರ್‌ಪಾಸಿನದು. ಇಬ್ಬರೂ ಹೊಗಳುವುದು ತಮಗೆ ದಿನನಿತ್ಯ ಬೇಕಿಲ್ಲದ ಶಕ್ತಿಯನ್ನು. ಅದರಲ್ಲಿ ತಪ್ಪೇನೂ ಇಲ್ಲ. ಬೇಕಿಲ್ಲದ್ದನ್ನು ಪ್ರೀತಿಸುವುದಕ್ಕೇ ಹುಚ್ಚು ಎನ್ನುವುದು.

ಆ ಶಕ್ತಿ ನಿಜವಾಗಿ ಬೇಕಾದವರನ್ನು ನಾನು ನೋಡಿದ್ದು ಮೈಸೂರಿನಿಂದ ಮೂರು ತಾಸು ಆಚೆ, ಕೊಡಗಿನಲ್ಲಿ. ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೆ ಜೀಪು ಹತ್ತುವಾಗ ಪ್ರವಾಸಿಗಳು ಪ್ರತಿ ಗುಂಡಿಗೂ ಖುಷಿಯಿಂದ ಕಿರುಚುತ್ತಾರೆ. ಅಂಥದೇ ಏರಿನಲ್ಲಿ ಅಂಥದೇ ಜೀಪು ತೋಟದ ಆಳುಗಳನ್ನು, ಗೊಬ್ಬರದ ಮೂಟೆಯನ್ನು, ಹೆರಿಗೆನೋವಿನ ಹೆಂಗಸನ್ನು ಹೊತ್ತು ಹೋಗುತ್ತದೆ. ಆಗ ಯಾರೂ ಕಿರುಚುವುದಿಲ್ಲ, ಕಂಬಿ ಹಿಡಿದು ಸುಮ್ಮನೆ ಕೂತಿರುತ್ತಾರೆ. ಅಲ್ಲಿಯವರ ಬಾಯಲ್ಲಿ ‘ಆಫ್‌ರೋಡ್’ ಎಂಬ ಮಾತನ್ನು ನಾನು ಕೇಳಿಲ್ಲ. ಅವರಿಗೆ ಅದೇ ರೋಡು. ಜೀಪು ಹುಟ್ಟಿದ್ದೂ ಹೀಗೆಯೇ, ಎರಡನೇ ಮಹಾಯುದ್ಧದ ಅಗತ್ಯಕ್ಕೆ. ಮೋಜು ಆಮೇಲೆ ಬಂತು.

ಹಾಗಾಗಿ ಯಾವುದು ಹೆಚ್ಚು ಎಂಬ ಪ್ರಶ್ನೆಗಿಂತ ಎಲ್ಲಿ, ಯಾರ ನಡುವೆ ಎಂಬ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಬತ್ತಿದ ಕೆರೆಯಂಗಳ ಜೀಪಿನವನಿಗೆ ಖಾಲಿ ಜಾಗ. ಅಲ್ಲಿ ನೆಲದ ಮೇಲೆ ಮೊಟ್ಟೆಯಿಟ್ಟ ಟಿಟ್ಟಿಭಕ್ಕೆ ಅದು ಮನೆ. ಚಾಮುಂಡಿ ಬೆಟ್ಟದ ತಿರುವುಗಳು ವೇಗದವನಿಗೆ ಪರೀಕ್ಷೆಯ ಕಣ. ಬೆಳಗಿನ ಆರಕ್ಕೆ ಅದೇ ರಸ್ತೆಯಲ್ಲಿ ವಯಸ್ಸಾದವರು ನಡೆಯುತ್ತಿರುತ್ತಾರೆ. ಸಾವಿರ ಮೆಟ್ಟಿಲಿನ ದಾರಿಯೂ ನಂದಿಯ ಬಳಿ ಬಂದು ರಸ್ತೆಯನ್ನು ಸೇರುತ್ತದೆ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಂದ ಅಜ್ಜಿಯೊಬ್ಬರು ಅಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಎಡಕ್ಕೆ ಬಲಕ್ಕೆ ನೋಡಿ ದಾಟುತ್ತಾರೆ. ಅವರಿಗೆ ಬರುವ ಕಾರು ಯಾವ ಮತದ್ದೆಂದು ಗೊತ್ತಿಲ್ಲ. ಅದರ ಬ್ರೇಕು ಚೆನ್ನಾಗಿದ್ದರೆ ಸಾಕು.